ಬಿರಡೆಗೆ ದನಿ ಕೊಟ್ಟವಳು

ಏಪ್ರಿಲ್ ೩, ಗುರುವಾರ

ಈ ಮನೆಯಲ್ಲಿ ಮಾತಾಡಬಾರದವಳು ಅಕ್ಕ, ಬಾಯಿ ಕಟ್ಟಿದಂತಾಗಿರುವುದು ನನಗೆ. ಎದುರಿಗೆ ಕೂತವರು ಉತ್ತರ ಕೊಡದಿದ್ದರೆ ಎಷ್ಟು ಹೊತ್ತು ಅಂತ ಒಬ್ಬಳೇ ಒದರುವುದು? ಅದಕ್ಕೇ ಬರೆಯಲು ಕೂತಿದ್ದೇನೆ. ಇದನ್ನು ಯಾರೂ ಓದಬೇಕಾಗಿಲ್ಲ.

ಅಕ್ಕನ ಗಂಟಲಿನ ಆಪರೇಷನ್ ಮೊನ್ನೆ ಆಯಿತು. ದನಿ ಹೊರಡುವ ತಂತುಗಳ ಮೇಲೆ ಗಂಟು ಬೆಳೆದಿತ್ತು, ತೆಗೆದರು. ಕೆಟ್ಟ ಗಂಟಲ್ಲವಂತೆ, ಅಷ್ಟರಮಟ್ಟಿಗೆ ಬದುಕಿದೆವು. ಆದರೆ ತಾವು ಹೇಳುವವರೆಗೆ ಒಂದಕ್ಷರ ಆಡಕೂಡದು, ಪಿಸುಗುಟ್ಟುವುದಂತೂ ಇನ್ನೂ ಕೆಟ್ಟದ್ದು ಎಂದು ಡಾಕ್ಟರಮ್ಮ ಕಟ್ಟಪ್ಪಣೆ ಮಾಡಿದ್ದಾರೆ. ದನಿ ಮೊದಲಿನಂತೆ ಆಗುತ್ತದೋ ಇಲ್ಲವೋ, ಈಗಲೇ ಹೇಳಲಾಗದಂತೆ.

ಅಕ್ಕನ ಕಸುಬೇ ದನಿ. ಹೊರದೇಶದ ಕಾರ್ಟೂನುಗಳಿಗೆ ನಮ್ಮ ಭಾಷೆಯಲ್ಲಿ ಮಾತು ಕೊಡುತ್ತಾಳೆ. ಒಂದು ಧಾರಾವಾಹಿಯಲ್ಲಿ ಎಂಟು ವರ್ಷದಿಂದ ಬಿರಡೆ ಎನ್ನುವ ಪುಟ್ಟ ರೋಬೋಟಿಗೆ ಇವಳದೇ ದನಿ. ಐವತ್ತು ದಾಟಿದ ಹೆಂಗಸು ದಿನಾ ಏಳು ವರ್ಷದ ಮಗುವಿನಂತೆ ಕೀಚುತ್ತಿದ್ದರೆ ಗಂಟಲಲ್ಲಿ ಗಂಟು ಬೆಳೆಯದೆ ಮಲ್ಲಿಗೆ ಬೆಳೆಯುತ್ತದೆಯೇ? ಇದನ್ನು ಅವಳ ಮುಖಕ್ಕೇ ಹೇಳಿದೆ. ತಿರುಗಿ ಬೈಯುವ ಹಾಗಿಲ್ಲವಲ್ಲ, ದಿಂಬು ತೆಗೆದು ಎಸೆದಳು.

ನಾನು ಎರಡು ವಾರದ ಮಟ್ಟಿಗೆ ಬಂದವಳು. ಶಾಲೆಗೆ ರಜೆ. ಮನೆಯಲ್ಲಿ ಯಜಮಾನರು ತಮ್ಮ ಅಡುಗೆ ತಾವೇ ಮಾಡಿಕೊಂಡು ತಾವೇ ಉಣ್ಣಬೇಕು, ಪಾಪ.

ಏಪ್ರಿಲ್ ೫, ಶನಿವಾರ

ಅಕ್ಕನ ಮನೆಯೆಂದರೆ ಮಹಡಿಯ ಮೇಲಿನ ಎರಡು ಕೋಣೆ. ಕೆಳಗೆ ಬೀಗದಕೈ ಮಾಡುವವನ ಅಂಗಡಿ, ಹಗಲೆಲ್ಲ ಕರಕರ ಅರ ಉಜ್ಜುವ ಸದ್ದು. ಒಳಕೋಣೆಯ ಗೋಡೆಗೆಲ್ಲ ಹಳೆಯ ಕಂಬಳಿ ಬಡಿದಿದ್ದಾಳೆ, ದನಿ ಮಾರ್ದನಿಸಬಾರದಂತೆ. ಅಲ್ಲಿ ಹೋಗಿ ನಿಂತರೆ ಕಿವಿಯೊಳಗೆ ಹತ್ತಿ ತುರುಕಿದಂತಾಗುತ್ತದೆ.

ಅವಳು ಸಪ್ಪಗೆ ಕೂತಿರುವುದನ್ನು ನೋಡಲಾರದೆ ಟಿವಿ ಹಾಕಿ, "ನಿನ್ನ ಆ ಬಿರಡೆಯನ್ನಾದ್ರೂ ತೋರ್ಸು" ಎಂದೆ. ಕಣ್ಣರಳಿಸಿದಳು. ನಾನು ಇದುವರೆಗೆ ಒಂದು ಕಂತೂ ನೋಡಿದವಳಲ್ಲ. ಮೊದಲನೆಯದರಿಂದಲೇ ಶುರುಮಾಡಿದಳು.

ಕಥೆ ಇಷ್ಟು. ಸಾಮಾನು ಸಾಗಿಸುವ ಹಳೆಯ ಹಡಗೊಂದು ಆಕಾಶದಲ್ಲಿ ದಾರಿ ತಪ್ಪಿದೆ. ಅದರಲ್ಲಿ ಮುಂಗೋಪಿ ಕಪ್ತಾನ, ಹಡಗು ನಡೆಸುವ ಒಂದು ಕಂಪ್ಯೂಟರು (ಎಲ್ಲರೂ ಅದನ್ನು ದೊಡ್ಡಮ್ಮ ಅನ್ನುತ್ತಾರೆ), ಮತ್ತು ಮೊಣಕಾಲೆತ್ತರದ ಒಂದು ರೋಬೋಟು. ಹಡಗಿನ ತೂತು ಮುಚ್ಚಲೆಂದೇ ಮಾಡಿದ್ದು, ಅದಕ್ಕೇ ಬಿರಡೆ. ಮೂವರೂ ತಮ್ಮ ಗ್ರಹಕ್ಕೆ ಮರಳಬೇಕು.

ವಿಜ್ಞಾನದ ಟೀಚರಾಗಿ ನನ್ನ ಅಭಿಪ್ರಾಯ: ತಲೆಬುಡವಿಲ್ಲ. ಗಾಳಿಯೇ ಇಲ್ಲದ ಕಡೆ ಬಂಡೆ ಬಡಿದರೆ ಢಂ ಎಂದು ಸದ್ದಾಗುತ್ತದೆ. ಕಪ್ತಾನ ಹೊರಗೆ ಬಂದು ನಿಂತರೆ ಅವನ ಶಾಲು ಪಟಪಟ ಹಾರುತ್ತದೆ. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವವರು ನೋಡಬೇಕಾದ್ದು. ಅದೂ ಅಲ್ಲದೆ, ತೂತು ಮುಚ್ಚುವ ಯಂತ್ರಕ್ಕೆ ಅಳು ಯಾಕೆ? ಅಳುವಷ್ಟು ನೀರು ಅದರೊಳಗೆ ಎಲ್ಲಿಂದ ಬಂತು? ನೂರಕ್ಕೆ ಇಪ್ಪತ್ತೆಂಟು. ಫೇಲು.

ಏಪ್ರಿಲ್ ೮, ಮಂಗಳವಾರ

ಇವತ್ತಿನದು ಕಾಲದಲ್ಲಿ ಹಿಂದಕ್ಕೆ ಹೋಗುವ ಕಂತು. ಕಪ್ತಾನ ಹೋಗಿ ಹುಡುಗನಾಗಿದ್ದ ತನ್ನನ್ನೇ ಕಂಡು, "ದೊಡ್ಡವನಾದ ಮೇಲೆ ಈ ಹಡಗು ಮಾತ್ರ ಕೊಳ್ಳಬೇಡ" ಎಂದು ಬುದ್ಧಿ ಹೇಳುತ್ತಾನೆ. ಅವನು ಕೊಳ್ಳದಿದ್ದರೆ ಇವನು ಹೇಳಲು ಬರುವುದು ಹೇಗೆ? ಇಷ್ಟೂ ಯೋಚಿಸದವರು ಕಥೆ ಯಾಕೆ ಬರೆಯಬೇಕು? ಅಕ್ಕನನ್ನು ಕೇಳಿದೆ. ಫೋನಿನಲ್ಲಿ ಟೈಪು ಮಾಡಿ ತೋರಿಸಿದಳು: "ಮಕ್ಕಳಿಗೆ ಅರ್ಥವಾಗುತ್ತೆ. ನಿನಗೆ ವಯಸ್ಸಾಯಿತು."

ಅವಳಿಗಿಂತ ನಾನು ನಾಲ್ಕು ವರ್ಷಕ್ಕೆ ಚಿಕ್ಕವಳು.

ನಲವತ್ತು ಕೊಡಬಹುದು. ಬಿರಡೆ ಆ ಹುಡುಗ ಕಪ್ತಾನನಿಗೆ, "ನೀನು ಮುಂದೆಯೂ ಹೀಗೇ ಸಿಡುಕುತ್ತೀಯ, ನಾನು ನೋಡಿದ್ದೀನಿ" ಎನ್ನುವಾಗ ಸ್ವಲ್ಪ ನಗು ಬಂತು. ಸ್ವಲ್ಪವೇ.

ಏಪ್ರಿಲ್ ೧೪, ಸೋಮವಾರ

ಮನಸ್ಸು ಕೆಟ್ಟಿದೆ. ಆಸ್ಪತ್ರೆಗೆ ಹೋಗಿದ್ದೆವು. ಡಾಕ್ಟರಮ್ಮ ಗಂಟಲಿಗೆ ಕೊಳವೆ ಇಳಿಸಿ ನೋಡಿದವರು ಹುಬ್ಬು ಗಂಟಿಕ್ಕಿದರು.

"ಊತ ಇಳಿದೇ ಇಲ್ಲ. ಮಾತಾಡ್ತಿದ್ದಾರಾ?"

"ಒಂದಕ್ಷರ ಇಲ್ಲ ಡಾಕ್ಟ್ರೇ. ನಾನು ಪಕ್ಕದಲ್ಲೇ ಇದೀನಲ್ಲ."

"ಹಾಗಾದ್ರೆ ತಂತು ಯಾಕೆ ಇಷ್ಟು ಬಿಗಿದಿವೆ? ನೀವೇ ಮಾತಿಗೆ ಎಳೀತಿದ್ದೀರೇನೋ."

ನಾನು! ಬಾಯಿಗೆ ಬಂದದ್ದನ್ನು ಅಕ್ಕನ ಮುಖ ನೋಡಿ ನುಂಗಿಕೊಂಡೆ.

ಹೊರಗೆ ಬರುತ್ತಿದ್ದಂತೆ ಸ್ಟುಡಿಯೋದ ಸೌಂಡಣ್ಣನ ಫೋನು. ದನಿ ಹಿಡಿಯುವ ಯಂತ್ರ ನೋಡಿಕೊಳ್ಳುವವನು, ಅಕ್ಕನ ಜೊತೆ ಮೊದಲಿನಿಂದ ಇದ್ದಾನೆ. "ಟೀಚರಮ್ಮ, ಕೊನೇ ಆರು ಕಂತು ಬಾಕಿ ಇದೆ. ಚಾನೆಲ್‌ನೋರು ಮೇ ಮಧ್ಯದವರೆಗೆ ಕಾಯ್ತಾರಂತೆ. ಅಷ್ಟರಲ್ಲಿ ಅಕ್ಕೋರ ದನಿ ಬರ್ಲಿಲ್ಲ ಅಂದ್ರೆ ಬೇರೆಯೋರನ್ನ ಹುಡುಕ್ಬೇಕಾಗತ್ತೆ. ನನ್ನ ಕೈಲಾದಷ್ಟು ತಡೆದಿದ್ದೀನಿ" ಎಂದ.

ಅಕ್ಕನಿಗೆ ಹೇಳಬಾರದು ಎಂದುಕೊಂಡೆ. ನನ್ನ ಮುಖ ನೋಡಿಯೇ ಅವಳಿಗೆ ತಿಳಿಯಿತು. ಮನೆಗೆ ಬಂದವಳು ಕಂಬಳಿಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಒಳಗೆ ಅತ್ತಳೋ ಏನೋ, ಆ ಕೋಣೆಯಿಂದ ಏನೂ ಕೇಳಿಸುವುದಿಲ್ಲ.

ಏಪ್ರಿಲ್ ೧೫, ಮಂಗಳವಾರ

ಸಿಕ್ಕಿತು!

ಸಂಜೆ ಎಂದಿನಂತೆ ಕಂತು ನೋಡುತ್ತಿದ್ದೆವು. ನಾನು ಟಿವಿ ಬಿಟ್ಟು ಅಕ್ಕನನ್ನೇ ನೋಡುತ್ತಿದ್ದೆ. ಬಿರಡೆ ಬಾಯಿ ತೆರೆಯುವುದಕ್ಕೆ ಒಂದು ಕ್ಷಣ ಮೊದಲು ಇವಳ ಎದೆ ಮೇಲೇಳುತ್ತದೆ. ಉಸಿರು ಎಳೆದುಕೊಳ್ಳುತ್ತಾಳೆ. ಬಿರಡೆ ಮಾತಾಡುವಷ್ಟು ಹೊತ್ತು ಕತ್ತಿನ ನರ ಬಿಗಿದು ಗಂಟಲು ಮೇಲೆ ಕೆಳಗೆ ಆಡುತ್ತದೆ. ತುಟಿ ಮಾತ್ರ ಮುಚ್ಚಿದೆ. ಎಂಟು ವರ್ಷದ ಅಭ್ಯಾಸ, ಅವಳಿಗೇ ಗೊತ್ತಿಲ್ಲದೆ ಇಡೀ ಧಾರಾವಾಹಿಯನ್ನು ಒಳಗೊಳಗೇ ಮತ್ತೆ ಮಾತಾಡಿ ಮುಗಿಸುತ್ತಿದ್ದಾಳೆ. ನಾನು ಉಪಕಾರವೆಂದು ದಿನಾ ಟಿವಿ ಹಾಕಿ ಕೂರಿಸುತ್ತಿದ್ದೇನೆ. ಡಾಕ್ಟರಮ್ಮ ಅಂದದ್ದು ಸುಳ್ಳೇನಲ್ಲ.

ಕತ್ತಿನ ಮೇಲೆ ಅವಳದೇ ಕೈ ಇಟ್ಟು ತೋರಿಸಿದೆ. ಅವಳ ಮುಖ ಬಿಳಿಚಿಕೊಂಡಿತು. ಟಿವಿ ಆರಿಸಿದೆ.

ಏಪ್ರಿಲ್ ೧೭, ಗುರುವಾರ

ಟಿವಿಯಿಲ್ಲದೆ ಎರಡು ದಿನ ಕಳೆಯುವಷ್ಟರಲ್ಲಿ ಅಕ್ಕ ಬಾಡಿಹೋದಳು. ಊಟ ಬೇಡ, ಔಷಧಿ ಬೇಡ. ನನಗೂ ಒಂದು ಕುತೂಹಲ ಉಳಿದಿತ್ತು. ಹಡಗು ಒಂದು ಹಿಮದ ಗ್ರಹದ ಮೇಲೆ ಸಿಕ್ಕಿಕೊಂಡಿತ್ತು, ಮುಂದೇನು ಎಂದು ತಿಳಿಯದೆ ನನಗೂ ಸರಿಯಾಗಿ ನಿದ್ದೆ ಬಂದಿರಲಿಲ್ಲ.

ಕೊನೆಗೆ ಒಂದು ಉಪಾಯ ಮಾಡಿದೆ. ಟಿವಿಯ ಸದ್ದು ಪೂರ್ತಿ ತೆಗೆದು, ಕೆಳಗೆ ಬರುವ ಅಕ್ಷರ ಓದಿ ಎಲ್ಲರ ಮಾತನ್ನೂ ನಾನೇ ಆಡಿದೆ. ತನ್ನ ದನಿ ಕೇಳದಿದ್ದರೆ ಅವಳ ಗಂಟಲು ಆಡದು ಎಂದು ನನ್ನ ಲೆಕ್ಕ.

ಕಪ್ತಾನ ಪರವಾಗಿಲ್ಲ, ನಮ್ಮ ಹೆಡ್‌ಮಾಸ್ತರರನ್ನು ನೆನೆದುಕೊಂಡರೆ ಬರುತ್ತದೆ. ದೊಡ್ಡಮ್ಮನೂ ಬಂದಳು. ಬಿರಡೆಯ ಹತ್ತಿರ ಬಂದಾಗ ಮಾತ್ರ ನನ್ನ ಬಾಯಿಂದ ಬೆಕ್ಕಿನ ಬಾಲ ತುಳಿದಂಥ ದನಿ ಹೊರಟಿತು. ಅಕ್ಕ ಹೊಟ್ಟೆ ಹಿಡಿದುಕೊಂಡು ದಿವಾನದ ಮೇಲೆ ಉರುಳಿದಳು. ಸದ್ದಿಲ್ಲದೆ ನಗುವುದನ್ನು ನೋಡಿ ನನಗೆ ಇನ್ನೂ ನಗು. ಕೆಳಗಿನ ಬೀಗದವನು ಮೆಟ್ಟಿಲ ಬುಡಕ್ಕೆ ಬಂದು, "ಏನಾದ್ರೂ ಆಯ್ತಾ ಅಮ್ಮಾ?" ಎಂದು ಕೂಗಿದ.

ಅವಳ ಕತ್ತನ್ನೂ ಗಮನಿಸಿದೆ. ಗಂಟಲು ಆಡುತ್ತಿರಲಿಲ್ಲ.

ಏಪ್ರಿಲ್ ೨೦, ಭಾನುವಾರ

ಇದು ಇಷ್ಟು ಕಷ್ಟವೆಂದು ಯಾರಿಗೆ ಗೊತ್ತಿತ್ತು? ಬಾಯಿ ತೆರೆದಾಗ ತೆರೆಯಬೇಕು, ಮುಚ್ಚಿದಾಗ ಮುಚ್ಚಬೇಕು, ಆ ಗೊಂಬೆಯ ಬಾಯಿ ಬರೆದವನು ನಮ್ಮ ಭಾಷೆ ಕೇಳಿಯೇ ಇಲ್ಲ. ನಾನು ಹಿಂದುಳಿದರೆ ಅಕ್ಕ ಚಿಟಿಕೆ ಹೊಡೆಯುತ್ತಾಳೆ. ಭಾವ ಜಾಸ್ತಿಯಾದರೆ ಅಂಗೈ ಕೆಳಗೆ ಮಾಡಿ ತಗ್ಗಿಸು ಎನ್ನುತ್ತಾಳೆ. ನಾನು ದಿನಾ ಐವತ್ತು ಮಕ್ಕಳನ್ನು ಹದ್ದುಬಸ್ತಿನಲ್ಲಿಡುವವಳು, ಇವಳ ಒಂದು ಚಿಟಿಕೆಗೆ ಬೆಚ್ಚಿಬೀಳುತ್ತೇನೆ.

ಇವತ್ತಿನ ಕಂತಿನಲ್ಲಿ ದೊಡ್ಡಮ್ಮನಿಗೆ ಮರೆವು ಬರುತ್ತದೆ. ಮೊದಲು ದಾರಿ ಮರೆಯುತ್ತಾಳೆ, ಆಮೇಲೆ ಕಪ್ತಾನನ ಹೆಸರು. ಎಲ್ಲಕ್ಕಿಂತ ಕೊನೆಗೆ ಬಿರಡೆಯನ್ನು. "ನೀನು ಯಾರು ಮಗು?" ಎಂದು ಕೇಳುತ್ತಾಳೆ. ಬಿರಡೆ, "ನಾನು ತೂತು ಮುಚ್ಚೋಳು. ನಿಮಗೆ ಎಲ್ಲಿ ಸೋರ್ತಿದೆ ಹೇಳಿ" ಎನ್ನುತ್ತಾಳೆ. ಈ ಮಾತು ಓದುವಾಗ ಕೆಳಗಿನ ಅಕ್ಷರಗಳು ಮಂಜಾದವು. ಮುಂದಿನ ಸಾಲು ಆಡಲಾಗಲಿಲ್ಲ, ಗೊಂಬೆಗಳು ಸುಮ್ಮನೆ ಬಾಯಿ ಆಡಿಸಿದವು. ಅಕ್ಕ ಚಿಟಿಕೆ ಹೊಡೆಯಲಿಲ್ಲ.

ಯಂತ್ರಕ್ಕೆ ಮರೆವು ಬರುವುದು ಅಸಾಧ್ಯವೇನಲ್ಲ. ನೆನಪಿನ ಭಾಗ ಹಾಳಾದರೆ ಬಂದೇ ಬರುತ್ತದೆ. ಬರೆದವರು ತಿಳಿದವರೇ ಇರಬೇಕು.

ಯಜಮಾನರ ಫೋನು ಬಂದಿತ್ತು. "ಎರಡು ವಾರ ಆಯ್ತಲ್ಲೇ?" ಎಂದರು. "ಇಲ್ಲಿ ದೊಡ್ಡಮ್ಮಂಗೆ ಹುಷಾರಿಲ್ಲ, ಆಮೇಲೆ ಮಾಡ್ತೀನಿ" ಎಂದು ಇಟ್ಟುಬಿಟ್ಟೆ. ಯಾವ ದೊಡ್ಡಮ್ಮ ಎಂದು ಅವರು ತಲೆ ಕೆಡಿಸಿಕೊಂಡಿರಬೇಕು.

ಏಪ್ರಿಲ್ ೨೮, ಸೋಮವಾರ

ಊತ ಇಳಿದಿದೆ! ಡಾಕ್ಟರಮ್ಮ ನಕ್ಕರು. ಶುಕ್ರವಾರದಿಂದ ದಿನಕ್ಕೆ ಸ್ವಲ್ಪ ಹೊತ್ತು ಮಾತಾಡಬಹುದಂತೆ. ದಾರಿಯಲ್ಲಿ ಇಬ್ಬರೂ ಕೈ ಹಿಡಿದುಕೊಂಡು ಬಂದೆವು, ಚಿಕ್ಕಂದಿನಲ್ಲಿ ರಸ್ತೆ ದಾಟುವಾಗ ಹಿಡಿಯುತ್ತಿದ್ದ ಹಾಗೆ.

ಮೇ ೨, ಶುಕ್ರವಾರ

ಬೆಳಿಗ್ಗೆ ಚಹಾ ಕುಡಿದ ಮೇಲೆ ಅಕ್ಕ ಬಾಯಿ ತೆರೆದಳು. ಮೊದಲು ಬರೀ ಗಾಳಿ ಬಂತು. ಆಮೇಲೆ, "ಚಹಾಕ್ಕೆ ಸಕ್ಕರೆ ಕಮ್ಮಿ ಹಾಕು ಅಂತ ತಿಂಗಳಿಂದ ಹೇಳ್ಬೇಕು ಅಂತಿದ್ದೆ" ಎಂದಳು.

ನಗಬೇಕಿತ್ತು. ನಗಲು ಆಗಲಿಲ್ಲ. ಅದು ಅಕ್ಕನ ದನಿಯಲ್ಲ. ತಗ್ಗಿದೆ, ದಪ್ಪಗಾಗಿದೆ, ಊದಿದ ಬಾಗಿಲು ನೆಲಕ್ಕೆ ಉಜ್ಜಿದಂತೆ ಒಂದು ಕರಕರ ಅದರೊಳಗೆ ಕೂತಿದೆ.

"ಇನ್ನೂ ಹಸಿ ಗಾಯ. ಬರಬರ್ತಾ ಸರಿಹೋಗುತ್ತೆ" ಎಂದೆ.

"ಹೂಂ."

"ಸರಿಹೋಗುತ್ತೆ ಕಣೇ ಅಕ್ಕ."

"ಹೂಂ ಅಂದ್ನಲ್ಲ."

ಮೇ ೯, ಶುಕ್ರವಾರ

ಹಬೆ ತೆಗೆದುಕೊಳ್ಳುವುದು, ಬಿಸಿನೀರು, ಹಮ್ಮಿಂಗು. ಹಮ್ಮಿಂಗೆಂದರೆ ಬಾಯಿ ಮುಚ್ಚಿ ಮೂಗಿನಲ್ಲಿ ಗುಂಯ್ ಎನ್ನುವುದು. ಅವಳ ಜೊತೆ ನಾನೂ ಗುಂಯ್ ಎನ್ನುತ್ತೇನೆ. ಬೀಗದವನು ಈಗ ಏನೂ ಕೇಳುವುದಿಲ್ಲ.

ಇವತ್ತು ದನಿ ಒಂದಿಷ್ಟು ತೆಳ್ಳಗಾಗಿದೆ ಎಂದು ನನಗೆ ಅನ್ನಿಸಿತು. ಬರೀ ಅನ್ನಿಸಿದ್ದೋ, ನಿಜವಾಗಿ ಆಗಿದೆಯೋ, ತಿಳಿಯದು.

ಮೇ ೧೩, ಮಂಗಳವಾರ

ಸ್ಟುಡಿಯೋಗೆ ಹೋಗಿದ್ದೆವು. ಗಾಜಿನ ಆಚೆ ಅಕ್ಕ, ಈಚೆ ಸೌಂಡಣ್ಣನ ಪಕ್ಕದಲ್ಲಿ ನಾನು. ಅಕ್ಕ ಹೆಡ್‌ಫೋನು ಕಿವಿಗೆ ಹಾಕಿಕೊಂಡಳು, ಚಪ್ಪಲಿ ಬಿಟ್ಟು ಬರಿಗಾಲಲ್ಲಿ ನಿಂತಳು. ಪರದೆಯ ಮೇಲೆ ಬಿರಡೆ ಬಂದಳು. ಅಕ್ಕ ಉಸಿರೆಳೆದಳು. ನಾನೂ ಎಳೆದೆ.

ಮೊದಲ ಸಾಲು ಬಂತು. ಎರಡನೆಯದು ಮೇಲೆ ಹೋಗಬೇಕಾದ ಕಡೆ ಒಡೆಯಿತು. ಸೌಂಡಣ್ಣ ಗುಂಡಿ ಒತ್ತಿ, "ಪರ್ವಾಗಿಲ್ಲ ಅಕ್ಕೋರೇ, ಇನ್ನೊಂದ್ಸಲ" ಎಂದ. ಮತ್ತೆ ಒಡೆಯಿತು. "ಚೆನ್ನಾಗೇ ಬಂತು, ಸ್ವಲ್ಪ ನಾನು ಯಂತ್ರದಲ್ಲಿ ಸರಿಮಾಡ್ಕೋತೀನಿ" ಎಂದ, ನನ್ನ ಕಡೆ ನೋಡದೆ. ಅಕ್ಕ ಮೂರನೆಯ ಸಲವೂ ಆಡಿದಳು. ಅದರಲ್ಲಿ ಎಲ್ಲವೂ ಇತ್ತು, ನಗು, ತುಂಟತನ, ಹೆದರಿಕೆ. ಬಿರಡೆ ಮಾತ್ರ ಇರಲಿಲ್ಲ. ಬಿರಡೆಯ ಅಜ್ಜಿ ಮಾತಾಡಿದ ಹಾಗಿತ್ತು.

ಅಕ್ಕ ತಾನೇ ಕಿವಿಯಿಂದ ತೆಗೆದು ಮೊಳೆಗೆ ನೇತುಹಾಕಿದಳು. "ಅವಳು ನನ್ನ ಹತ್ರ ಇಲ್ಲ ಕಣಪ್ಪ. ಯಾವುದಾದ್ರೂ ಒಳ್ಳೇ ಹುಡುಗೀನ ನೋಡು. ನಾನು ಹೇಳ್ಕೊಡ್ತೀನಿ" ಎಂದಳು.

ನಾನು ಅಲ್ಲೇ ಜಗಳ ತೆಗೆದೆ. ಇನ್ನೊಂದು ತಿಂಗಳು ಕಾದರೆ ಚಾನೆಲ್‌ನವರ ಗಂಟೇನು ಹೋಗುತ್ತದೆ, ಎಂಟು ವರ್ಷ ಇವಳ ಗಂಟಲು ಸವೆಸಿ ಈಗ ಕೈಕೊಡುತ್ತೀರಾ ಎಂದೆಲ್ಲ ಕೂಗಾಡಿದೆ. ಸೌಂಡಣ್ಣ ತಲೆ ತಗ್ಗಿಸಿ ನಿಂತಿದ್ದ. ಅವನ ಕಣ್ಣೂ ಒದ್ದೆಯಾಗಿತ್ತು. ಅಕ್ಕ ನನ್ನ ರಟ್ಟೆ ಹಿಡಿದು ಮೆಟ್ಟಿಲಿಳಿಸಿದಳು.

ಮೇ ೧೪, ಬುಧವಾರ

ಏನೂ ಬರೆಯಲು ಮನಸ್ಸಿಲ್ಲ. ಟಿವಿ ಹಾಕಲಿಲ್ಲ.

ಮೇ ೨೦, ಮಂಗಳವಾರ

ಹುಡುಗಿ ಬಂದಳು. ಇಪ್ಪತ್ತೊಂದು ಇಪ್ಪತ್ತೆರಡಿರಬಹುದು. ಜಡೆ ಗಿಡ್ಡ, ಕಣ್ಣು ದೊಡ್ಡದು, ಮಾತಿಗೆ ಮುಂಚೆ ಸಾರಿ ಎನ್ನುತ್ತಾಳೆ. ನನ್ನನ್ನು ಆಂಟಿ ಎಂದಳು. "ಟೀಚರ್ ಅನ್ನು" ಎಂದೆ. ಹೆದರಿ ಅದಕ್ಕೂ ಸಾರಿ ಎಂದಳು.

ಕಂಬಳಿಕೋಣೆಯಲ್ಲಿ ಅಕ್ಕ ಅವಳಿಗೆ ನಿಲ್ಲುವುದನ್ನು ಹೇಳಿಕೊಡುತ್ತಿದ್ದಳು. ನಾನು ಬಾಗಿಲಲ್ಲೇ ನಿಂತು ನೋಡಿದೆ. ನನ್ನ ಅಭಿಪ್ರಾಯ ಯಾರೂ ಕೇಳಲಿಲ್ಲ, ಆದರೂ ಹೇಳಿದೆ: ಬಿರಡೆ ಹಾಗೆ ಮೂಗಿನಲ್ಲಿ ಮಾತಾಡುವುದಿಲ್ಲ. ಹುಡುಗಿಗೆ ಚಹಾ ಕೊಟ್ಟೆ, ಆದರೆ ಬಿಸಿ ಮಾಡದೆ ಕೊಟ್ಟೆ.

"ಆ ಮಗುವಿನ ಮೇಲೆ ಯಾಕೆ ಉರೀತೀಯ?" ಅವಳು ಹೋದ ಮೇಲೆ ಅಕ್ಕ ಕೇಳಿದಳು.

"ನಿನ್ನ ಜಾಗದಲ್ಲಿ ಬಂದು ಕೂತಿದ್ದಾಳೆ. ನಿನಗೆ ಉರಿಯೋದಿಲ್ವಾ?"

"ಉರಿಯುತ್ತೆ. ಅದಕ್ಕೆ ಬಿರಡೆ ಏನು ಮಾಡಿದ್ಲು? ಅರ್ಧ ದಾರೀಲಿ ಅವಳ ಬಾಯಿ ಮುಚ್ಚಿಸೋಕಾಗುತ್ತಾ?"

ಮೇ ೨೭, ಮಂಗಳವಾರ

ಹುಡುಗಿ ದಿನಾ ಬರುತ್ತಾಳೆ. ತಾನು ಎರಡನೇ ಕ್ಲಾಸಿನಲ್ಲಿದ್ದಾಗ ಬೇರೆ ಯಾವುದೋ ಕಾರ್ಟೂನಿನಲ್ಲಿ ಅಕ್ಕನ ದನಿ ಕೇಳಿ ಕನ್ನಡಿ ಮುಂದೆ ನಿಂತು ಅಣಕಿಸುತ್ತಿದ್ದಳಂತೆ. ಇದನ್ನು ಮೊದಲೇ ಹೇಳಿದ್ದರೆ ಚಹಾ ಬಿಸಿ ಮಾಡುತ್ತಿದ್ದೆ.

ಇವತ್ತು ದೊಡ್ಡಮ್ಮನ ಜೊತೆಗಿನ ಒಂದು ಸಾಲು ಅವಳಿಗೆ ಕೂರಲೇ ಇಲ್ಲ. ಅಕ್ಕನ ಗಂಟಲು ದಣಿದಿತ್ತು, ತೋರಿಸಿಕೊಡಲಾಗದೆ ಒದ್ದಾಡುತ್ತಿದ್ದಳು. ನಾನು ಒಳಗೆ ಹೋಗಿ, "ಅಲ್ಲಿ ಉಸಿರು ತಗೋಬೇಡ ಕಣಮ್ಮ. ಅಂಥ ಕಡೆ ಅಕ್ಕ ತಗೊಳ್ಳಲ್ಲ. ಮಾತು ಮುಗಿಸಿ ಆಮೇಲೆ ತಗೋತಾಳೆ, ಅಳು ಬರೋ ಮುಂಚೆ ಓಡಿಹೋಗೋರ ಹಾಗೆ" ಎಂದೆ. ಹುಡುಗಿ ಹಾಗೇ ಮಾಡಿದಳು. ಸರಿಹೋಯಿತು.

ಅಕ್ಕ ನನ್ನನ್ನು ಬಿಟ್ಟ ಕಣ್ಣು ಮುಚ್ಚದೆ ನೋಡುತ್ತಿದ್ದಳು.

ಶಾಲೆ ಶುರುವಾಗಲಿದೆ. ರಜೆ ಮುಂದುವರಿಸಲು ಬರೆದು ಕಳಿಸಿದೆ. "ಅಕ್ಕಂಗೆ ಮಾತು ಬಂತಲ್ಲ, ಇನ್ನೂ ಯಾಕಲ್ಲಿ?" ಎಂದು ಯಜಮಾನರು ಕೇಳಿದರು. "ಕೊನೇ ಕಂತು ನೋಡ್ದೆ ಬರೋಕಾಗುತ್ತಾ?" ಎಂದೆ. ಅವರು, "ಸರಿ, ನಾನೇ ಅಲ್ಲಿಗೆ ಬರ್ತೀನಿ. ಏನಿದೆಯೋ ಅದರಲ್ಲಿ ನೋಡೋಣ" ಎಂದರು. ಅವರಿಗೆ ಮೊದಲನೇ ಕಂತಿನಿಂದ ತೋರಿಸಬೇಕು, ಇಲ್ಲದಿದ್ದರೆ ಒಂದೂ ಅರ್ಥವಾಗದು.

ಜೂನ್ ೧೫, ಭಾನುವಾರ

ಕೊನೆಯ ಕಂತು ಸಂಜೆ ಬಂತು. ಯಜಮಾನರು ಬರುವುದು ನಾಳೆ, ನಾವಿಬ್ಬರೇ ನೋಡಿದೆವು. ಬೀಗದವನು ತನ್ನ ಅರ ನಿಲ್ಲಿಸಿ ಅಂಗಡಿ ಮುಚ್ಚಿದ್ದ. ಅವನೂ ಕೆಳಗೆ ಟಿವಿ ಹಾಕಿದ್ದು ಕೇಳಿಸುತ್ತಿತ್ತು.

ಹಡಗು ಮನೆಯ ಗ್ರಹದ ಹತ್ತಿರ ಬಂದಿದೆ. ಇಳಿಯುವ ಹೊತ್ತಿಗೆ ಹೊಟ್ಟೆಯಲ್ಲಿ ದೊಡ್ಡ ತೂತು ಬೀಳುತ್ತದೆ. ಅದನ್ನು ಹೊರಗಿನಿಂದಲೇ ಮುಚ್ಚಬೇಕು, ಮುಚ್ಚಿದವರು ಒಳಗೆ ಬರುವಂತಿಲ್ಲ. ಬಿರಡೆ ಯಾರನ್ನೂ ಕೇಳದೆ ಹೊರಗೆ ಹೋಗುತ್ತಾಳೆ. ತೂತಿಗೆ ಬೆನ್ನು ಕೊಟ್ಟು ಕೂತು, ಕೆಳಗೆ ಹತ್ತಿರವಾಗುವ ಗ್ರಹವನ್ನು ನೋಡುತ್ತಾ, ಒಳಗಿರುವವರಿಗೆ ಒಂದೊಂದೇ ಹೇಳುತ್ತಾಳೆ: ಇಲ್ಲಿ ಒಂದು ನದಿ ಕಾಣ್ತಿದೆ, ಇಲ್ಲಿ ಮೋಡ, ಇಲ್ಲಿ ಯಾರೋ ದೀಪ ಹಚ್ಚಿದ್ದಾರೆ. ಕಪ್ತಾನ ಒಳಗೆ ಗೋಡೆಗೆ ಕಿವಿ ಹಚ್ಚಿ ಕೇಳುತ್ತಾನೆ. ಮಾತು ಸಣ್ಣದಾಗುತ್ತಾ ಹೋಗುತ್ತದೆ. ಹಡಗು ನೆಲ ಮುಟ್ಟುತ್ತದೆ. ನಾನು ಸೆರಗಿನಿಂದ ಮೂಗು ಒರೆಸಿಕೊಂಡು ಒರೆಸಿಕೊಂಡು ಸಾಕಾದೆ.

ಹೆಸರುಗಳು ಮೇಲೇರಲು ಶುರುವಾದವು. ಬಿರಡೆಯ ಮುಂದೆ ಹುಡುಗಿಯ ಹೆಸರು. ಅಕ್ಕ ಸದ್ದು ತಗ್ಗಿಸಿದಳು.

"ಹೇಗಿತ್ತು?"

ನಾನು ಏನು ಹೇಳಲಿ? ಕೆಟ್ಟದಾಗಿತ್ತು ಎಂದರೆ ಇವಳು ಕಲಿಸಿದ್ದು ಕೆಟ್ಟಿತು ಎಂದಾಗುತ್ತದೆ. ಚೆನ್ನಾಗಿತ್ತು ಎಂದರೆ ಇವಳು ಬೇಕಾಗಿರಲಿಲ್ಲ ಎಂದಾಗುತ್ತದೆ. ಜೀವಮಾನದಲ್ಲಿ ಮೊದಲ ಸಲ ನನ್ನ ಅಭಿಪ್ರಾಯವನ್ನು ಯಾರೂ ಕೇಳದಿದ್ದರೆ ಸಾಕಿತ್ತು ಅನ್ನಿಸಿತು.

"ಸುಮಾರಾಗಿತ್ತು" ಎಂದೆ.

"ಸುಳ್ಳು ಹೇಳ್ಬೇಡ. ಸ್ಟುಡಿಯೋದಲ್ಲಿ ಎಲ್ರೂ ಚೆನ್ನಾಗಿದೆ ಚೆನ್ನಾಗಿದೆ ಅಂತಾನೇ ಹೇಳೋದು. ನನ್ನ ಮುಖದ ಮೇಲೆ ಹೇಳೋಳು ನೀನೊಬ್ಬಳೇ. ಹೇಳು."

"ಮೊದಮೊದ್ಲು ಅವಳನ್ನ ಮನಸ್ಸಲ್ಲೇ ಬೈತಾ ಇದ್ದೆ. ಅಲ್ಲಿ ತಪ್ಪಿದ್ಲು, ಇಲ್ಲಿ ತಪ್ಪಿದ್ಲು ಅಂತ." ಸೆರಗಿನಿಂದ ಮತ್ತೊಮ್ಮೆ ಮೂಗು ಒರೆಸಿಕೊಂಡೆ. "ಆಮೇಲೆ ನಿನ್ನ ನೆನಪೇ ಆಗ್ಲಿಲ್ಲ ಅಕ್ಕ. ಆ ಹುಡುಗಿದೂ ಆಗ್ಲಿಲ್ಲ. ಬಿರಡೆ ಒಬ್ಬಳೇ ಇದ್ದಳು."

ಅಕ್ಕ ಟಿವಿಯ ಕಡೆಗೇ ನೋಡುತ್ತಿದ್ದಳು. ಹೆಸರುಗಳೆಲ್ಲ ಮುಗಿದು ಪರದೆ ಕಪ್ಪಾಯಿತು.

"ಹಾಗಾದ್ರೆ ಬದುಕಿದ್ಲು" ಎಂದಳು.

ಆಮೇಲೆ ಅತ್ತಳು. ನನ್ನ ಹೆಗಲಿಗೆ ಮುಖ ಒತ್ತಿ, ಆ ಹೊಸ ಒರಟು ದನಿಯಲ್ಲಿ, ಬಾಯಿ ಬಿಟ್ಟು, ಬೀದಿಗೆ ಕೇಳುವ ಹಾಗೆ ಅತ್ತಳು. ದನಿ ಎತ್ತರಿಸಕೂಡದು ಎಂದು ಡಾಕ್ಟರಮ್ಮ ಮೊನ್ನೆಯೂ ಎಚ್ಚರಿಸಿ ಕಳಿಸಿದ್ದರು. ನನಗೆ ಗೊತ್ತಿತ್ತು. ನಾನು ತಡೆಯಲಿಲ್ಲ.